ಕೆಂಪು ಕ್ಲಿಪ್ಪು

ಪ್ರಭುಸ್ವಾಮಿ ನಕ್ಕಿದ್ದು ಭವ್ಯಶ್ರೀಯ ಅಪ್ಪನ ಮಾತಿಗೆ. ಅದು ಗೊತ್ತಿದ್ದೂ ಅವಳ ಬೆರಳುಗಳು ಪ್ಯಾರಾಚೂಟಿನ ಮಡಿಕೆಯ ಮೇಲೆ ನಿಂತುಬಿಟ್ಟವು.

ಕೊಳ್ಳೇಗಾಲದ ಆ ಮನೆಯಲ್ಲಿ ಹಿಂದೆ ರೇಷ್ಮೆ ಮಗ್ಗಗಳಿದ್ದವು. ಈಗ ಅಲ್ಲಿ ಉದ್ದನೆಯ ಮೇಜು, ಸೂರಿನಲ್ಲಿ ಪ್ಯಾರಾಚೂಟ್ ತೂಗುಹಾಕುವ ರಾಟೆ. ವಾಯುಪಡೆಯಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದ ಅಪ್ಪ ಪುಟ್ಟಮಾದಪ್ಪ, ಡಿಗ್ರಿ ಮುಗಿಸಿದ ಮಗಳಿಗೂ ಕಲಿಸಿದ್ದರು. ಪ್ರದರ್ಶನಗಳಲ್ಲಿ ವಿಮಾನವನ್ನು ಆಕಾಶದಲ್ಲೇ ಪಲ್ಟಿ ಹೊಡೆಸುವ ಪೈಲಟ್ ಪ್ರಭುಸ್ವಾಮಿ, ಬೆನ್ನಿಗೆ ಕಟ್ಟಿಕೊಳ್ಳುವ ತುರ್ತು ಪ್ಯಾರಾಚೂಟನ್ನು ಆರು ತಿಂಗಳಿಗೊಮ್ಮೆ ತರುತ್ತಿದ್ದ. ಬಿಚ್ಚಿ, ಗಾಳಿಗೆ ತೂಗುಹಾಕಿ, ಹೊಲಿಗೆ ಹೊಲಿಗೆಯೂ ನೋಡಿ ಮತ್ತೆ ಮಡಚಬೇಕು. ಎಂದೂ ಬಳಕೆಗೆ ಬಾರದಿರಲಿ ಎಂದು ಹಾರೈಸುತ್ತಲೇ ಇಷ್ಟು ಜತನ.

ಅವನು ಸ್ಟೂಲಿನ ಮೇಲೆ ಕೂತು ಅಪ್ಪನೊಡನೆ ಭತ್ತದ ಮಾತಾಡುತ್ತಿದ್ದ. ಕಣ್ಣು ಮಾತ್ರ ಮೇಜಿನ ಕಡೆ. ತನ್ನನ್ನು ನೋಡುತ್ತಾನೋ, ಕೆಲಸವನ್ನೋ? ನಂಬಿಕೆಯಿಲ್ಲವೇನೋ. ಅವಳು ತಲೆಯೆತ್ತಲೇ ಇಲ್ಲ.

ಅವನು ಪ್ಯಾರಾಚೂಟ್ ಹೊತ್ತು ಬೈಕಿನಲ್ಲಿ ಹೊರಟ ಮೇಲೆ, ಸಾಮಾನು ಪೆಟ್ಟಿಗೆಗೆ ಜೋಡಿಸುವಾಗ ಅವಳು ಎಣಿಸಿದಳು, ಮತ್ತೆ ಎಣಿಸಿದಳು. ಮಡಿಕೆ ಜಾರದಂತೆ ಹಾಕಿ, ಚೀಲ ಮುಚ್ಚುವ ಮೊದಲು ತೆಗೆಯಬೇಕಾದ ಕೆಂಪು ಕ್ಲಿಪ್ಪುಗಳಲ್ಲಿ ಒಂದು ಇಲ್ಲ. ಮೇಜಿನಡಿ ಇಲ್ಲ, ಕಿಟಕಿಯಲ್ಲಿ ಇಲ್ಲ. ಒಳಗೇ ಉಳಿದಿದ್ದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದಿಲ್ಲ. ನಾಳೆ ಅವನು ಹಾರುತ್ತಾನೆ.

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಅಪ್ಪ ಬೈಯಲಿಲ್ಲ. ಮಡಚಿದವರೇ ಎದುರು ನಿಂತು ಹೇಳಬೇಕು, ಅದು ಈ ಕೆಲಸದ ಪದ್ಧತಿ ಎಂದಷ್ಟೇ ಹೇಳಿ ಅವನ ಊರು ಸತ್ತೇಗಾಲದ ಬಸ್ ಹತ್ತಿಸಿದರು.

ದಾರಿಯುದ್ದಕ್ಕೂ ಅವಳು ಕೈಗಳನ್ನೇ ಕೇಳಿದಳು, ತೆಗೆದಿರಾ, ಇಲ್ಲವಾ? ಒಮ್ಮೆ ತೆಗೆದ ನೆನಪು, ಒಮ್ಮೆ ಅವನ ನಗು ಮಾತ್ರ ನೆನಪು. ಹೇಳಬೇಕಾದ ಮಾತು ಜೋಡಿಸಿಕೊಂಡಷ್ಟೂ ಚೆದುರುತ್ತಿತ್ತು.

ತೆಂಗಿನ ಮರದಡಿ ಗರಿ ಸೀಳುತ್ತಿದ್ದ ಅವನ ತಾಯಿ ಚನ್ನಾಜಮ್ಮ, ಯಾರ ಮಗಳೆಂದು ವಿಚಾರಿಸಿ ನಕ್ಕರು.

"ಓ, ಪ್ಯಾರಾಚೂಟ್ ಮಡ್ಸೋ ಉಡ್ಗಿಯಾ? ಬಾಯ್ಬುಟ್ರೆ ನಿನ್ ಸುದ್ದಿನೇ ಕಣವ್ವ ಇವ್ನಿಗೆ."

ಎಂಥ ಸುದ್ದಿ? ದೂರೋ? ಭವ್ಯಶ್ರೀಗೆ ಇನ್ನಷ್ಟು ಗಲಿಬಿಲಿ.

ಹೊರಬಂದ ಪ್ರಭುಸ್ವಾಮಿ ಅವಳು ತಡವರಿಸಿದ್ದನ್ನೆಲ್ಲ ಕೇಳಿ, ಅಂಗಳದಲ್ಲಿ ಟಾರ್ಪಾಲು ಹಾಸಿದ. ಚೀಲವಿಟ್ಟು ಬಿಚ್ಚುವ ಹಿಡಿ ಎಳೆದ. ಮೊದಲ ಪುಟ್ಟ ಛತ್ರಿ ಚಿಮ್ಮಿತು. ಅದನ್ನು ಹಿಡಿದೆಳೆದರೆ ದೊಡ್ಡ ಬಿಳಿ ಬಟ್ಟೆ ಹಿಂದೆಯೇ ಬರಬೇಕಿತ್ತು, ಬರಲಿಲ್ಲ. ಮಡಿಕೆಗಳನ್ನು ಕಚ್ಚಿಕೊಂಡು ಕೆಂಪು ಕ್ಲಿಪ್ಪು ಒಳಗೇ ಕೂತಿತ್ತು.

"ಬೆಟ್ಟದ್ ಮಾದಪ್ಪ ಕಾಪಾಡ್ದ" ಎಂದು ಕೈಮುಗಿದು ಚನ್ನಾಜಮ್ಮ ಒಳಗೆ ಹೋದರು.

ಅವನು ಕ್ಲಿಪ್ಪು ತೆಗೆದು ಬಹಳ ಹೊತ್ತು ನೋಡಿದ.

"ಇನ್ಮೇಲೆ ಬೇರೆಯವ್ರ ಹತ್ರ ಮಡ್ಸಿಸ್ಕೊಳ್ಳಿ" ಎಂದಳು ಭವ್ಯಶ್ರೀ.

"ಅದಿರ್ಲಿ. ಯಾಕ್ ಹಿಂಗಾಯ್ತು?"

"ಗ್ಯಾನ ಕೆಲ್ಸದ್ ಮೇಲೆ ಇರ್ಲಿಲ್ಲ."

"ಎಲ್ಲಿತ್ತು?"

ತಲೆನೋವಿತ್ತು ಎನ್ನಬಹುದಿತ್ತು. ಆದರೆ ಕಾರಣ ಮುಚ್ಚಿಟ್ಟರೆ ಇದೇ ತಪ್ಪು ಮತ್ತೆ ಆಗುತ್ತದೆ.

"ನೀವು ನಕ್ರಲ್ಲ, ಅಲ್ಲಿ."

ಅವನು ಕ್ಲಿಪ್ಪನ್ನು ಜೇಬಿಗಿಳಿಸಿದ. ಅವನಿಗೆ ಬಂದದ್ದು ಕೋಪವೋ, ಅಸಹ್ಯವೋ ಅವಳಿಗೆ ತಿಳಿಯಲಿಲ್ಲ. ಹೋಗಿಬಿಡಲೆಂದು ತಿರುಗಿದಾಗ ಅವನ ದನಿ ಮೆಲ್ಲಗೆ ಬಂತು.

"ಎಲ್ರೂ ಚೀಲ ಕೊಟ್ಟು ಹೋಯ್ತಾರೆ ಭವ್ಯ ಅವ್ರೆ. ನಾನೊಬ್ನೇ ಕೂತಿರ್ತೀನಿ. ಯಾಕೆ ಅಂತ ಒಂದಿನಾನೂ ಅನ್ನಿಸ್ಲಿಲ್ವಾ?"

"ನನ್ ಕೆಲ್ಸದ್ ಮೇಲೆ ಅನುಮಾನ ಅನ್ಕಂಡಿದ್ದೆ."

"ನೀವು ತಲೇನೇ ಎತ್ತಲ್ಲ. ನನ್ ಕಂಡ್ರೆ ಆಗಲ್ಲ ಅಂತ ನಾನ್ ಅನ್ಕಂಡಿದ್ದೆ."

ಅವನು ಬಿಳಿ ಬಟ್ಟೆಯ ಒಂದು ಅಂಚು ಹಿಡಿದು ಕೊಡವಿದ. ಅವಳು ಇನ್ನೊಂದು ಅಂಚು ಹಿಡಿದಳು. ನಾಳೆ ಹಾರುವುದಿಲ್ಲವೆಂದ. ಅವಳೇ ಮಡಚಲಿ, ಅವಳಪ್ಪ ಇನ್ನೊಮ್ಮೆ ನೋಡಲಿ ಎಂದ.

"ಮಡಚೋವಾಗ ನಾನ್ ಬೀದೀಲಿರ್ತೀನಿ, ಆಯ್ತಾ? ಮಿಕ್ಕಿದ್ ಹೊತ್ತು?"

ಭವ್ಯಶ್ರೀ ತಲೆಯೆತ್ತಿದಳು. ಅವನ ಎಡಹುಬ್ಬಿನಲ್ಲೊಂದು ಸಣ್ಣ ಗಾಯದ ಕಲೆಯಿತ್ತು, ಇಷ್ಟು ದಿನ ಕಂಡೇ ಇರಲಿಲ್ಲ.

"ಮಿಕ್ಕಿದ್ ಹೊತ್ತು ಹತ್ರಾನೇ ಇರಿ."