ನೂರಾ ಹನ್ನೊಂದನೆಯ ಹೆಸರು

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಊರಿನವರೆಲ್ಲ ನೋಡುತ್ತಿರುವಾಗಲೇ, ಮಾಳಮ್ಮನ ಹೆಸರು ಕಳುವಾಯಿತು.

ಎಮ್ಮೆ ಕಳುವಾದರೆ ಪೊಲೀಸರು ಕೊಂಬಿನ ಗುರುತು ಕೇಳುತ್ತಾರೆ. ಹೆಸರು ಕಳುವಾದರೆ ಏನು ಕೇಳಬೇಕು? ಪಿಎಸ್‌ಐ ಶಿವಕಾಂತಾಗೆ ಹೊಳೆಯಲಿಲ್ಲ. ಆದರೂ ಜೀಪು ಇಳಿದು ಬಂದಳು. ಅಫಜಲಪುರದ ಹೊರಗಿನ ಪುನರ್ವಸತಿ ಸಮಿತಿಯ ಕಚೇರಿಯಲ್ಲಿ ಗದ್ದಲ ಇನ್ನೂ ನಿಂತಿರಲಿಲ್ಲ.

"ನೋಡ್ರಿ ಮೇಡಂ," ಎಂದಳು ಮಾಳಮ್ಮ. ಅರವತ್ತು ದಾಟಿದ ಕೂಲಿ ಹೆಂಗಸು. ಕೈಯಲ್ಲಿ ಇನ್ನೂ ಕುಡುಗೋಲು ಇತ್ತು. "ಮೂವತ್ತು ವರ್ಷ ಆತು, ಆ ಮನ್ಯಾಗೇ ಇದ್ದೇನಿ. ಇವತ್ತು ಟಿವಿಯಾಗ ಬ್ಯಾರೆಯವರ ಹೆಸರು ತೋರಸ್ಯಾರ."

ಟಿವಿ ಅಲ್ಲ, ಕಂಪ್ಯೂಟರು. ವಿಷಯ ಇಷ್ಟು. ಮೂವತ್ತು ವರ್ಷಗಳ ಹಿಂದೆ ಭೀಮಾ ನದಿಗೆ ಕಟ್ಟೆ ಕಟ್ಟಿದಾಗ ತೊಗರಿಹಾಳ ಎಂಬ ಊರು ಮುಳುಗಿತು. ಜನರನ್ನು ದಿಬ್ಬಕ್ಕೆ ಸ್ಥಳಾಂತರಿಸಿದರು. ಚೀಟಿ ಎತ್ತಿಸಿ ಮನೆಯ ಜಾಗ ಹಂಚಿದರು. ಹಕ್ಕುಪತ್ರ ಮಾತ್ರ ಇಷ್ಟು ವರ್ಷ ಕೊಡಲಿಲ್ಲ. ಈಗ ಬರುವ ಸೋಮವಾರ ಕೊಡುತ್ತಾರೆ. ಆಗ ಕಂಪ್ಯೂಟರಿಗೆ ಹಾಕಿಟ್ಟ ಹಳೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಪತ್ರ. ಇಲ್ಲದವರು ಮನೆ ಬಿಡಬೇಕು.

ಪಟ್ಟಿ ಪರದೆಯ ಮೇಲಿತ್ತು. ಶಿವಕಾಂತಾ ಓದಿದಳು. ನೂರಾ ಹನ್ನೊಂದು: ಸೈದಪ್ಪ ತಂದೆ ಧೂಳಪ್ಪ.

"ಯಾರ್ರಿ ಈ ಸೈದಪ್ಪ?"

"ಯಾವ ಕಾಲದಾಗೋ ಊರು ಬಿಟ್ಟು ಹೋದಾಂವ ರಿ," ಎಂದ ಸಮಿತಿಯ ಕಾರ್ಯದರ್ಶಿ ಗುರುಲಿಂಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ತುಂಬ ಮರ್ಯಾದೆಯ ಮನುಷ್ಯ. "ಸತ್ತೂ ಹೋಗ್ಯಾನ."

"ಕಾಗದದ ಪಟ್ಟಿ?"

ಗುರುಲಿಂಗ ಕಪಾಟಿನಿಂದ ಹಳೆಯ ಕಡತ ತೆಗೆದುಕೊಟ್ಟ. ನೂರೊಂದರಿಂದ ನೂರಿಪ್ಪತ್ತರವರೆಗಿನ ಹಾಳೆ ಇರಲಿಲ್ಲ. ಹರಿದ ಅಂಚು ಬೆಳ್ಳಗಿತ್ತು. ಹಳೆಯ ಕಾಗದ ಹಳೆಯ ಕಾಲದಲ್ಲೇ ಹರಿದಿದ್ದರೆ ಅಂಚೂ ಹಳದಿಯಾಗಿರಬೇಕಿತ್ತು.

"ನಿನ್ನ ಹತ್ರ ಚೀಟಿ ಏನರ ಅದ ಏನವ್ವಾ?"

"ಹೊಳಿ ನೀರು ಬಂದಾಗ ಹೋತ್ರಿ. ನನ್ನ ಮನಿ ಹಳ್ಳದ ದಂಡಿಗೇ ಅದ. ವರ್ಷಾ ಒಳಗ ನೀರು."

ಕಂಪ್ಯೂಟರಿನ ಮುಂದೆ ಕಲ್ಯಾಣಕುಮಾರ ಕೂತಿದ್ದ. ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು, ನಲವತ್ತರ ಆಸುಪಾಸು. ಮುಖ ಹುಳ್ಳಗಾಗಿತ್ತು.

"ಮೂಲ ಫೈಲು ಬರಾಬರ್ ಅದ ರಿ ಮೇಡಂ. ಫ್ಲಾಪಿಯಿಂದ ಇಳಿಸಿದ ದಿನ ಎಲ್ಲಾರ ಮುಂದ ಅದರ ಗುರುತಿನ ಸಂಖ್ಯಾ ತೆಗೆದು ಬರೆದಿಟ್ಟಿದ್ವಿ. ಒಂದಕ್ಷರ ಬದಲಾದ್ರೂ ಆ ಸಂಖ್ಯಾ ಬದಲಾಗ್ತದ. ಈಗಷ್ಟೇ ನೋಡಿದೆ. ಅದೇ ಅದ."

"ಅಂದ್ರ?"

ಉತ್ತರ ಕೊಟ್ಟವನು ಗುರುಲಿಂಗ. "ಅಂದ್ರ ಮೊದಲಿನಿಂದ್ಲೂ ಹಂಗೇ ಇತ್ತು ರಿ. ಬರೆದ ಕ್ಲಾರ್ಕನ್ನ ಕೇಳ್ರಿ. ನನಗಂತೂ ಈ ಡಬ್ಬಿ ಚಾಲೂ ಮಾಡಾಕ ಸೈತ ಬರಂಗಿಲ್ಲ."

ಶಿವಕಾಂತಾ ಕೋಣೆಗೆ ಬೀಗ ಹಾಕಿಸಿ ಮೊಹರು ಒತ್ತಿಸಿದಳು. ಕೀಲಿ ತನ್ನ ಜೇಬಿಗೇ ಹಾಕಿಕೊಂಡಳು. ಆ ಹೊತ್ತಿಗೆ ಅವಳಿಗೆ ಕೋಣೆಯಲ್ಲಿದ್ದ ಒಬ್ಬರ ಮೇಲೂ ನಂಬಿಕೆ ಇರಲಿಲ್ಲ. ಮಾಳಮ್ಮನ ಮೇಲೂ ಇರಲಿಲ್ಲ.

* * *

ಪಟ್ಟಿ ಬರೆದ ಕ್ಲಾರ್ಕು ಹಸನಸಾಬ ಈಗ ಜೇವರ್ಗಿಯಲ್ಲಿ ಮಗನ ಮನೆಯಲ್ಲಿದ್ದ. ಎಂಬತ್ತರ ಮುದುಕ. ಗುರುವಾರ ಬೆಳಿಗ್ಗೆ ಶಿವಕಾಂತಾ ಹೋದಾಗ ಸುದ್ದಿ ಆಗಲೇ ಅವನನ್ನು ಮುಟ್ಟಿತ್ತು. ಕೆಟ್ಟ ಸುದ್ದಿಗೆ ಬಸ್ಸು ಕಾಯುವ ತೊಂದರೆಯಿಲ್ಲ.

"ನಾನು ಲಂಚ ತಿಂದೇನಿ ಅಂತಾರೇನ್ರಿ ಊರಾಗ?"

"ಅಂತಾರ. ತಿಂದೀರೇನು?"

"ನೂರಾ ಹನ್ನೊಂದು, ಮಾಳಮ್ಮ ಗಂಡ ಪೀರಪ್ಪ. ನನ್ನ ಕೈಯಾರೆ ಕಂಪ್ಯೂಟರಿನಾಗ ಬಡಿದೇನಿ. ಆಕಿ ಚೀಟಿ ಎತ್ತಿ, ಹಳ್ಳದ ದಂಡಿ ಬಂತಂತ ಅತ್ತಿದ್ಲು. ಹ್ಯಾಂಗ ಮರೀಲಿ?"

"ಸೈದಪ್ಪ?"

ಮುದುಕ ಕಣ್ಣು ತಪ್ಪಿಸಿದ. ಶಿವಕಾಂತಾ ಅದನ್ನು ನೋಡಿದಳು.

"ಅಂವ ನನ್ನ ದೋಸ್ತ್ ರಿ. ಮುಳುಗಡಿಗಿಂತ ಮೊದಲೇ ಆಳಂದಕ್ಕೆ ಹೋಗಿದ್ದ. ಆಮ್ಯಾಲೆ ಬಂದು, ನನ್ನ ಹೆಸರೂ ಸೇರಿಸು ಅಂತ ಕಾಲು ಹಿಡಿದ. ಸೇರಿಸಲಿಲ್ಲ. ಸಾಯೋ ತನಕಾ ಮಾತಾಡಲಿಲ್ಲ ಅಂವ."

"ಸೇರಿಸೇ ಇಲ್ಲ?"

"ದಾಖಲಿ ಮುಂದ ಕುಂತಾಗ ನನಗ ದೋಸ್ತ್ ಇಲ್ರಿ, ದುಷ್ಮನ್ ಇಲ್ಲ. ಮೊದಲ ಊರ ದೇವಿ ಭಾಗ್ಯವಂತಿ ತಾಯಿ ಹೆಸರು ಹೊಡದೆ. ಆಮ್ಯಾಲೆ ಮಂದಿ ಹೆಸರು. ಇನ್ನೂರಾ ನಲವತ್ತು ಮಂದಿ. ಹನ್ನೊಂದು ದಿನಾ ಹಿಡೀತು."

ಚಹಾ ಬಂತು. ಶಿವಕಾಂತಾ ಕುಡಿಯಲಿಲ್ಲ. ಕಾಲು ಹಿಡಿದ ಗೆಳೆಯನಿಗೆ ಮನಸ್ಸು ಕರಗಿರಲಾರದೇ? ಮೂಲ ಫೈಲು ಬದಲಾಗಿಲ್ಲ ಎಂದ ಮೇಲೆ ಬೇರೆ ಯಾರ ಹೆಸರು ಹೇಳಬೇಕು? ಆದರೆ ಹರಿದ ಹಾಳೆಯ ಬಿಳಿ ಅಂಚು ಅವಳ ಬೆನ್ನು ಬಿಡಲಿಲ್ಲ. ಜೇವರ್ಗಿಯಲ್ಲಿ ಕೋಲು ಹಿಡಿದು ನಡೆಯುವ ಮುದುಕ ಅಫಜಲಪುರದ ಕಪಾಟು ತೆರೆದು ಹಾಳೆ ಹರಿಯುವುದು ಹೇಗೆ?

* * *

ಶುಕ್ರವಾರ ಅವಳು ಮೊಹರು ತೆಗೆಸಿ ಕಲ್ಯಾಣಕುಮಾರನನ್ನು ಒಬ್ಬನನ್ನೇ ಕೂರಿಸಿಕೊಂಡಳು.

"ಮಾಸ್ತರ, ನನಗ ಏನೂ ಗೊತ್ತಿಲ್ಲ ಅಂತ ತಿಳಕೊಂಡು ಹೇಳ್ರಿ. ಖರೇನೂ ಗೊತ್ತಿಲ್ಲ."

ಅವನು ಹೇಳಿದ. ಹಳೆಯ ಕಂಪ್ಯೂಟರು ಸುಟ್ಟುಹೋಗಿದೆ. ಅದರ ಕನ್ನಡ ಅಕ್ಷರಗಳು ಅದಕ್ಕೇ ಸೀಮಿತ, ಹೊಸ ಕಂಪ್ಯೂಟರಿಗೆ ಓದಲು ಬಾರದು. ಅದಕ್ಕೇ ಹೊಸದರೊಳಗೆ ಹಳೆಯದರ ವೇಷ ಹಾಕಿಸಿದ್ದಾನೆ. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಒಳಗೆ ಸುಳ್ಳು ಯಂತ್ರ, ಸುಳ್ಳು ಮೆಮೊರಿ. ಅದರಲ್ಲಿ ನಡೆಯುವ ಕೆಲಸ ಮಾತ್ರ ನಿಜ.

"ಚಾಲೂ ಮಾಡಿದಾಗ ಮೆಮೊರಿ ಖಾಲಿ ಕಪಾಟ ಇದ್ದಂಗ ರಿ. ಸಾಲಾಗಿ ಖಣಗಳು. ಪ್ರತಿ ಖಣಕ್ಕೂ ನಂಬರು. ಯಾವ ಫೈಲನ್ನ ಯಾವ ಖಣದಿಂದ ತುಂಬಬೇಕು ಅಂತ ಒಂದು ಪಟ್ಟಿ ಬರೆದಿಟ್ಟೇನಿ. ಮೊದಲು ಪ್ರೋಗ್ರಾಮು. ಆಮೇಲೆ ಅಕ್ಷರದ ಆಕಾರಗಳು. ಕಡೀಗೆ ಹೆಸರುಗಳ ಫೈಲು. ತುಂಬಿದ ಮೇಲೆ ಯಂತ್ರ ಓಡ್ತದ. ಡಿಸ್ಕಿನ ಕಡೆ ಮತ್ತೆ ತಿರುಗಿ ಸೈತ ನೋಡಂಗಿಲ್ಲ."

"ಅಂದ್ರ ನಾವು ಪರದೆ ಮ್ಯಾಲೆ ನೋಡೋದು ಫೈಲಲ್ಲ. ಮೆಮೊರಿ."

"ಹೌದ್ರಿ."

"ತುಂಬಿದ ಖಣದ ಮ್ಯಾಲೆ ಇನ್ನೊಂದು ಏನರ ತುಂಬಿದ್ರ?"

"ಮೊದಲಿಂದು ಹೋಗ್ತದ. ಕಡೀಗೆ ಬಂದದ್ದೇ ಉಳೀತದ." ಹೇಳುತ್ತಲೇ ಕಲ್ಯಾಣಕುಮಾರ ಪರದೆಯತ್ತ ತಿರುಗಿದ.

"ನಿಮ್ಮ ಪಟ್ಟಿ ತೆಗೀರಿ."

ತೆಗೆದ. ಮೂರು ಸಾಲು ಇರಬೇಕಿತ್ತು. ನಾಲ್ಕು ಇದ್ದವು. ಮೂಲ ಫೈಲಿಗೆ ಕಾವಲು ಕೂತಿದ್ದ ಮನುಷ್ಯ ಅದರ ಪಕ್ಕದ ನಾಲ್ಕು ಸಾಲಿನ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ. ತಾನು ಬರೆದದ್ದನ್ನು ತಾನು ಯಾಕೆ ನೋಡಬೇಕು?

"ಇದು ನಂದಲ್ಲ ರಿ! ಖರೇನ ನಂದಲ್ಲ!"

ನಾಲ್ಕನೆಯ ಸಾಲು ಒಂದು ಚಿಕ್ಕ ಫೈಲನ್ನು ಕರೆಯುತ್ತಿತ್ತು. ಅರವತ್ತನಾಲ್ಕೇ ಖಣ, ಒಂದು ಹೆಸರಿಗೆ ಬೇಕಾದಷ್ಟು. ಸಾಲು ಸೇರಿದ ಸಮಯ ಬುಧವಾರ ಹತ್ತೂ ನಲವತ್ತು.

"ಆಗ ನಾ ಚಹಾಕ್ಕ ಹೋಗಿದ್ದೆ ರಿ. ಬಾಗಿಲು ತೆರೆದೇ ಇತ್ತು. ಕುರ್ಚಿ ಹಾಕವರು, ಮೈಕ್ ಹಚ್ಚವರು, ಹತ್ತು ಮಂದಿ ಅಡ್ಡಾಡಾಕತ್ತಿದ್ರು. ಬಂದು, ಹನ್ನೊಂದಕ್ಕ ಎಲ್ಲಾರ ಮುಂದ ಚಾಲೂ ಮಾಡಿದೆ."

"ಗಡಿಯಾರ ತಿದ್ದೋದು ನಿಮಗೇನು ದೊಡ್ಡದಲ್ಲ. ಮತ್ತ ಸೈದಪ್ಪನ ಹೆಸರನ್ನ ಆ ಹಳೇ ಅಕ್ಷರದಾಗ ಬರಿಯೋದು ನಿಮ್ಮನ್ನ ಬಿಟ್ಟು ಯಾರಿಗೆ ಬರ್ತದ?"

ಅವನು ಗೋಡೆಯತ್ತ ಬೆರಳು ತೋರಿಸಿದ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಕೋಷ್ಟಕವನ್ನು ಅವನೇ ದೊಡ್ಡದಾಗಿ ಬರೆದು ಅಂಟಿಸಿದ್ದ. ತಿಂಗಳಿನಿಂದ ಅದು ಅಲ್ಲೇ ಇತ್ತು. ಕಳ್ಳನಿಗೆ ಪಾಠಪುಸ್ತಕ ಬರೆದುಕೊಟ್ಟ ಮೇಷ್ಟ್ರು ಇವನು!

ಶಿವಕಾಂತಾ ಕಾಗದ ಎಳೆದುಕೊಂಡಳು. "ಈ ಚಿಕ್ಕ ಫೈಲು ಯಾವ ಖಣಕ್ಕ ಬೀಳ್ತದ? ಲೆಕ್ಕ ಹಾಕ್ರಿ."

"ಹೆಸರುಗಳು ಶುರು ಆಗೋ ಜಾಗದಿಂದ ನೂರಾ ಹನ್ನೊಂದು ಹೆಸರು ಬಿಟ್ಟು, ಮುಂದಿಂದು."

"ನೂರಾ ಹನ್ನೊಂದು ಬಿಟ್ಟು ಮುಂದಿಂದು ಅಂದ್ರ ನೂರಾ ಹನ್ನೆರಡು ಆಗಬೇಕಲ್ಲ? ಮಾಳಮ್ಮಂದು ಹ್ಯಾಂಗ ಹೋತು?"

"ಅಲ್ಲಿ ಭಾಗ್ಯವಂತಿ ತಾಯಿ ಅದಾಳ್ರಿ. ನಾನೂ ಮೊದಲ ಸಲ ಮೋಸ ಹೋಗಿದ್ದೆ. ಪಟ್ಟಿ ಮ್ಯಾಲೆ ದೇವಿ ಹೆಸರು ಇರ್ತದಲ್ಲ, ಅದನ್ನ ತಲೆಬರಹ ಅಂತ ತಿಳಕೊಂಡೆ. ಅದು ತಲೆಬರಹ ಅಲ್ಲ. ಫೈಲಿನಾಗ ಮೊದಲ ಹೆಸರೇ ಆಕಿದು. ಆಕಿಗೂ ಅರವತ್ತನಾಲ್ಕು ಖಣ. ದೇವಿಗೆ ನಂಬರ್ ಕೊಡಬಾರದು ಅಂತ ಪ್ರೋಗ್ರಾಮು ಆಕಿನ್ನ ಬಿಟ್ಟು ಎಣಿಸ್ತದ. ಅದಕ್ಕೇ ನೂರಾ ಹನ್ನೊಂದು ಹೆಸರು ಬಿಟ್ರ, ದೇವಿ ಮತ್ತ ನೂರಾ ಹತ್ತು ಮಂದಿ ಬಿಟ್ಟಂಗ. ಇದು ತಿಳಿಯಾಕ ನನ್ನ ಅಂಗಡಿಯಾಗ ಎರಡು ದಿನಾ ತಲೆ ಕೆಡಿಸಿಕೊಂಡೇನಿ."

ಶಿವಕಾಂತಾ ಪೆನ್ನು ಕೆಳಗಿಟ್ಟಳು. ಜೇವರ್ಗಿಯ ಮುದುಕ ಇದನ್ನೇ ಹೇಳಿದ್ದ. ತಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನೂರಾ ಹನ್ನೆರಡು ಯಾರದು?"

"ಶಮಶಾದ ಗಂಡ ಆಫ್ತಾಬ ಅಂತ ಅದ. ಸೊಲ್ಲಾಪುರಕ್ಕ ಹೋಗಿ ಇಪ್ಪತ್ತು ವರ್ಷ ಆತಂತ. ಖಾಲಿ ಜಾಗಾ. ದೊಡ್ಡ ರಸ್ತಾದ ಮಗ್ಗಲಕ್ಕ, ಪೆಟ್ರೋಲ್ ಬಂಕಿನ ಎದುರಿಗೆ."

ಹಳ್ಳದ ದಂಡೆಯ, ವರ್ಷಕ್ಕೊಮ್ಮೆ ನೀರು ನುಗ್ಗುವ ಜಾಗಕ್ಕೆ ಯಾರಾದರೂ ಇಷ್ಟು ಕಷ್ಟಪಡುತ್ತಾರೆಯೇ? ಮೊದಲಿನಿಂದ ಅವಳನ್ನು ಕಾಡಿದ್ದು ಇದೇ.

* * *

ಶನಿವಾರ ಆಳಂದ. ತೊಗರಿ ಮಂಡಿಯ ಹಿಂದಿನ ಓಣಿಯಲ್ಲಿ ಸೈದಪ್ಪನ ಒಬ್ಬಳೇ ಮಗಳು ಸುವರ್ಣಾ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಪೊಲೀಸ್ ಬಟ್ಟೆ ನೋಡಿ ಪೆಡಲ್ ನಿಲ್ಲಿಸಿದಳು.

"ತೊಗರಿಹಾಳದಾಗ ನಿಮ್ಮ ಅಪ್ಪಗ ಜಾಗಾ ಅದ ಏನ್ರಿ?"

"ನಮಗ ಗೊತ್ತೇ ಇರಲಿಲ್ರಿ. ಒಬ್ರು ಸಾಹೇಬ್ರು ಬಂದಿದ್ರು. ನಿಮ್ಮ ಅಪ್ಪನ ಹೆಸರು ಪಟ್ಟಿಯಾಗ ಬಂದದ, ನಿಮಗ ಅಡ್ಡಾಡೋ ತ್ರಾಸ ಬ್ಯಾಡ, ಎಲ್ಲಾ ನಾವೇ ನೋಡ್ಕೋತೇವಿ, ಸಹಿ ಮಾಡ್ರಿ ಅಂದ್ರು. ಮಾಡೇನಿ. ತಪ್ಪಾತೇನ್ರಿ ಬಾಯರ?"

"ಕಾಗದ ಅದ ಏನು?"

ಟ್ರಂಕಿನಿಂದ ಮುಖ್ತ್ಯಾರ ಪತ್ರದ ನಕಲು ಬಂತು. ಸುವರ್ಣಾಳ ಪರವಾಗಿ ಜಾಗದ ವ್ಯವಹಾರವನ್ನೆಲ್ಲ ಇನ್ನೊಬ್ಬರು ಮಾಡಬಹುದು ಎಂದು ಅದರಲ್ಲಿ ಬರೆದಿತ್ತು. ಶಿವಕಾಂತಾ ತಾರೀಖು ನೋಡಿದಳು. ಪಟ್ಟಿ ಓದುವುದಕ್ಕೆ ಮೂರು ವಾರ ಮುಂಚಿನದು. ಜಾಗದ ನಂಬರು ನೋಡಿದಳು. ಆ ಇನ್ನೊಬ್ಬರ ಹೆಸರು ನೋಡಿದಳು. ಮೂರನ್ನೂ ಮತ್ತೊಮ್ಮೆ ಓದಿ, ಸುವರ್ಣಾ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು.

* * *

ಸೋಮವಾರ ಸಮಿತಿ ಕಚೇರಿ ತುಂಬಿತ್ತು. ಹಕ್ಕುಪತ್ರದ ಅಧಿಕಾರಿ ಕುರ್ಚಿಯಲ್ಲಿ. ಪಕ್ಕದಲ್ಲಿ ಗುರುಲಿಂಗ. ಹಸನಸಾಬನನ್ನು ಮಗ ಕರೆತಂದಿದ್ದ. ಊರಿನವರು ಅವನಿಂದ ದೂರ ನಿಂತಿದ್ದರು. ಮಾಳಮ್ಮ ಬಾಗಿಲಲ್ಲೇ ಕೂತಿದ್ದಳು, ಒಳಗೆ ಬಂದರೆ ಇರುವುದೂ ಹೋದೀತು ಎಂಬಂತೆ.

"ಮಾಸ್ತರ, ಆ ನಾಲ್ಕನೇ ಸಾಲು ಬಿಟ್ಟು ಚಾಲೂ ಮಾಡ್ರಿ," ಎಂದಳು ಶಿವಕಾಂತಾ.

ಯಂತ್ರ ತುಂಬಿಕೊಂಡಿತು. ಪಟ್ಟಿ ಮೂಡಿತು. ಕಲ್ಯಾಣಕುಮಾರ ಗಟ್ಟಿಯಾಗಿ ಓದಿದ. ನೂರಾ ಹನ್ನೊಂದು: ಮಾಳಮ್ಮ ಗಂಡ ಪೀರಪ್ಪ.

ಹಸನಸಾಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮೂವತ್ತು ವರ್ಷದ ಕೆಲಸ ಐದು ದಿನದಲ್ಲಿ ಮಣ್ಣುಪಾಲಾಗಿ ಮರಳಿ ಬಂದಿತ್ತು.

"ಇದನ್ನ ಮಾಡಿದವರಿಗೆ ಕಂಪ್ಯೂಟರು ಬರ್ತದ," ಎಂದಳು ಶಿವಕಾಂತಾ. "ಆದ್ರ ಪೂರಾ ಬರಂಗಿಲ್ಲ. ಹಸನಸಾಬ್ರಾಗಿದ್ರ ತಪ್ಪು ಆಗ್ತಿರಲಿಲ್ಲ. ದೇವಿಯನ್ನ ಮೊದಲ ಖಣದಾಗ ಕೂಡಿಸಿದವರೇ ಅವರು. ಮಾಸ್ತರೂ ಅಲ್ಲ. ದೇವಿ ಅಲ್ಲಿ ಅದಾಳ ಅಂತ ಎರಡು ದಿನಾ ಒದ್ದಾಡಿ ಕಂಡುಕೊಂಡವರು ಅವರು. ಕಳ್ಳ ಕಾಗದದ ಪಟ್ಟಿ ಮಾತ್ರ ನೋಡ್ಯಾನ. ನಮ್ಮ ಕಡೆ ಲಗ್ನದ ಕಾರ್ಡಿನಿಂದ ಕಿರಾಣಿ ಚೀಟಿ ತನಕಾ ಎಲ್ಲಾದರ ಮ್ಯಾಲೂ ದೇವರ ಹೆಸರು ಇರ್ತದ. ಅದನ್ನ ಯಾರು ಎಣಿಸ್ತಾರ? ಅವನೂ ಎಣಿಸಲಿಲ್ಲ. ನೂರಾ ಹನ್ನೆರಡಕ್ಕ ಗುರಿ ಇಟ್ಟ, ನೂರಾ ಹನ್ನೊಂದಕ್ಕ ಬಿತ್ತು. ತಿರುಗಿ ನೋಡಾಕ ವ್ಯಾಳ್ಯಾ ಇರಲಿಲ್ಲ. ಆ ಸಾಲು ಮುಂದಿನ ಸಲ ಚಾಲೂ ಆದಾಗಷ್ಟೇ ಕೆಲಸ ಮಾಡ್ತದ. ಮುಂದಿನ ಸಲ ಚಾಲೂ ಆಗಿದ್ದು ಎಲ್ಲಾರ ಮುಂದನೇ. ತಿದ್ದೂಣು ಅಂದ್ರ ಕೋಣಿಗೆ ನನ್ನ ಬೀಗ."

"ಭಾಳ ಛಂದ ಹೇಳಿದ್ರಿ ಮೇಡಂ," ಎಂದ ಗುರುಲಿಂಗ. "ಆದ್ರ ನೂರಾ ಹನ್ನೆರಡಕ್ಕೇ ಗುರಿ ಇಟ್ಟಿದ್ದ ಅನ್ನಾಕ ಸಾಕ್ಷಿ ಏನು?"

"ಅದನ್ನೇ ಕೇಳ್ತೀರಿ ಅಂತ ಗೊತ್ತಿತ್ತು." ಅವಳು ನಕಲನ್ನು ಅಧಿಕಾರಿಯ ಮುಂದಿಟ್ಟಳು. "ಸೈದಪ್ಪನ ಮಗಳು ಕೊಟ್ಟ ಮುಖ್ತ್ಯಾರ ಪತ್ರ. ಪಟ್ಟಿ ಓದೋದಕ್ಕಿಂತ ಮೂರು ವಾರ ಮೊದಲಿಂದು. ಅವತ್ತಿಗೆ ಸೈದಪ್ಪನ ಹೆಸರು ಯಾವ ಪಟ್ಟಿಯಾಗೂ ಇರಲಿಲ್ಲ. ಆದ್ರೂ ಇದರಾಗ ಆತನ ಜಾಗದ ನಂಬರು ಬರದದ. ನೂರಾ ಹನ್ನೆರಡು ಅಂತ. ಪರದೆ ಮ್ಯಾಲೆ ಬಂದದ್ದು ನೂರಾ ಹನ್ನೊಂದು. ಈ ತಪ್ಪು ನಂಬರು ಗೊತ್ತಿರೋದು ಅದನ್ನ ಹಾಕಾಕ ಹೋದವನಿಗೆ ಮಾತ್ರ. ಪತ್ರ ಯಾರ ಹೆಸರಿಗೆ ಅದ ಅಂತ ಓದಲೇನು? ಗಂಗುಬಾಯಿ ಗಂಡ ಗುರುಲಿಂಗ."

ಅಧಿಕಾರಿ ನಕಲನ್ನು ತಮ್ಮತ್ತ ಎಳೆದುಕೊಂಡರು.

"ಅದು... ನನ್ನ ಹೆಣ್ತಿ ಏನೋ..." ಗುರುಲಿಂಗನ ಹಣೆಯ ವಿಭೂತಿ ಬೆವರಿಗೆ ಕರಗಿತು. "ನನಗ ಚಾಲೂ ಮಾಡಾಕ ಸೈತ..."

"ಸಾಹೇಬ್ರ, ನಾ ಇಲ್ಲಿ ಕೆಲಸಾ ಮಾಡುವಾಗ ಮೂರು ದಿನಾ ನನ್ನ ಬಾಜೂಕ ನೋಟ್‌ಬುಕ್ ಹಿಡಕೊಂಡು ಕುಂತಿದ್ರಿ," ಎಂದ ಕಲ್ಯಾಣಕುಮಾರ. "ಪ್ರತಿಯೊಂದೂ ಕೇಳಿ ಬರಕೊಂಡ್ರಿ. ಕಲಿಯೋ ಹುಮ್ಮಸ್ಸು ಅಂತ ನಾ ಖುಷಿಪಟ್ಟಿದ್ದೆ."

ಗುರುಲಿಂಗ ಬಾಗಿಲತ್ತ ನೋಡಿದ. ಅಲ್ಲಿ ಮಾಳಮ್ಮ ಎದ್ದು ನಿಂತಿದ್ದಳು. ಪೇದೆಗಳು ಬಂದು ಗುರುಲಿಂಗನನ್ನು ಕರೆದೊಯ್ದರು. ಮನೆ ಶೋಧಿಸಿದಾಗ ನೋಟ್‌ಬುಕ್ಕಿನ ಜೊತೆ ಹರಿದ ಹಾಳೆಯೂ ಸಿಕ್ಕಿತು.

ಮಾಳಮ್ಮ ಹಕ್ಕುಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಆದರೆ ಎದ್ದು ಹೋಗಲಿಲ್ಲ.

"ಮೇಡಂ, ಅವನ ಲೆಕ್ಕ ಬರಾಬರ್ ಆಗಿದ್ರ ಶಮಶಾದಳ ಹೆಸರು ಹೋಗ್ತಿತ್ತಲ್ಲ?"

"ಹೌದವ್ವಾ."

"ಆಕಿ ಇಲ್ಲಿ ಇಲ್ಲ. ಕೂಗಾಡಾಕ ಯಾರಿದ್ರು?"

ಯಾರೂ ಇರುತ್ತಿರಲಿಲ್ಲ. ಪರದೆಯ ಮೇಲೆ ಪಟ್ಟಿ ಮೂಡುತ್ತಿತ್ತು, ಜನ ತಮ್ಮ ತಮ್ಮ ಹೆಸರು ನೋಡಿಕೊಂಡು ಮನೆಗೆ ಹೋಗುತ್ತಿದ್ದರು.

ಮಾಳಮ್ಮ ಸೆರಗಿನ ಗಂಟು ಬಿಚ್ಚಿದಳು. ಮಡಿಚಿ ಮಡಿಚಿ ಸವೆದ ಚೀಟಿಯಲ್ಲಿ ಒಂದು ಫೋನ್ ನಂಬರ್ ಇತ್ತು. "ಸೊಲ್ಲಾಪುರದ್ದು ರಿ. ಹೋಗುವಾಗ ಕೊಟ್ಟಿದ್ಲು. ಹಚ್ಚಿ ಕೊಡ್ರಿ."

ಶಿವಕಾಂತಾ ಹಚ್ಚಿದಳು. ಬಹಳ ಹೊತ್ತು ಗಂಟೆ ಹೊಡೆಯಿತು. ಕೊನೆಗೆ ಆ ಕಡೆಯಿಂದ ಮುದಿ ದನಿಯೊಂದು ಯಾರು ಎಂದು ಕೇಳಿತು.

"ನಾ ಮಾಳಮ್ಮ," ಎಂದಳು ಮಾಳಮ್ಮ, ಸೊಲ್ಲಾಪುರಕ್ಕೆ ನೇರವಾಗಿ ಕೇಳಿಸಬೇಕು ಎಂಬಷ್ಟು ಜೋರಾಗಿ. "ನಿನ್ನ ಜಾಗಾ ಇನ್ನೂ ಅದ ಬೇ, ಶಮಶಾದ. ನಾಳಿಗೇ ಹೊರಟು ಬಾ."