ಬೂದಿಕೋಟೆ ಅವರೆಯ ಸೊಗಡು

"ಇದಕ್ಕೆ ಎಂತದೋ ಮದ್ದು ಹೊಡೆದಿದ್ದೀರಿ. ನೋಡಿ, ಕೈಗೆ ಎಣ್ಣೆ ಅಂಟ್ತಾ ಉಂಟು!"

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ, ಅವರೆಕಾಯಿ ರಾಶಿಯ ಮುಂದೆ ನಿಂತ ಆ ಯುವಕ ಅಂಗೈ ಚಾಚಿದಾಗ ಗಂಗರತ್ನಳ ಮೈಯೆಲ್ಲ ಉರಿದುಹೋಯಿತು.

ಮದ್ದಾ...? ಬರೀ ತಿಪ್ಪೆಗೊಬ್ಬರ ಹಾಕಿ, ಬೂದಿಕೋಟೆಯ ಹೊಲದಲ್ಲಿ ಅವಳೂ ಅಮ್ಮ ಮುನಿಯಮ್ಮನೂ ಬೆಳೆದ ಕಾಯಿ. 'ರತ್ನಮ್ಮನ ಕಾಯಿ ಕಣ್ಣು ಮುಚ್ಚಿ ತಗೋಬೋದು' ಅನ್ನಿಸಿಕೊಳ್ಳಲು ಮೂರು ವರ್ಷ ಹಿಡಿದಿತ್ತು.

"ಅದು ಸೊಗಡು ಸಾರ್. ಇಬ್ಬನಿ ಬಿದ್ರೆ ಕಾಯಿಗೆ ತಾನಾಗೇ ಬತ್ತದೆ."

"ತಾನಾಗಿ ಎಣ್ಣೆ ಬರ್ತದಾ? ನಮ್ಮ ಸುಳ್ಯದಲ್ಲಿ ಇಂಥದ್ದು ಕಂಡಿಲ್ಲ ಮಾರಾಯ್ರೆ."

ಸೊಗಡು ಗೊತ್ತಿದ್ದ ಊರಿನವರು ನಕ್ಕರು. ಆದರೆ ಬೇರೆ ಸೀಮೆಗಳಿಂದ ಬಂದ ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸರು ಚೀಲ ಮಡಚಿಕೊಂಡು ಮುಂದೆ ನಡೆದರು. ಅವಳ ಅರ್ಧ ವ್ಯಾಪಾರ ಅವರದೇ.

"ನಾಳೆ ಬೆಳಿಗ್ಗೆ ಬೂದಿಕೋಟೆಗೆ, ನಮ್ಮೊಲಕ್ಕೆ ಬನ್ನಿ. ನಿಮ್ಮ ಕೈಯಾರೆ ಕಿತ್ತು ನೋಡಿ," ಎಂದಳು.

ಅವನು ಬರುತ್ತಾನೆ ಅಂತ ಅವಳು ನಂಬಿರಲಿಲ್ಲ. ಆದರೆ ಫ್ಯಾಕ್ಟರಿಗೆ ರಜೆ ಹಾಕಿ, ಮೊದಲ ಬಸ್ಸಿಗೇ ಬಂದಿಳಿದ. ಹೆಸರು ಚೆನ್ನಕೇಶವ. ಇಬ್ಬನಿ ಆರುವ ಮುಂಚೆಯೇ ಸಾಲಿಗಿಳಿದು ಹತ್ತು ಕಾಯಿ ಕಿತ್ತ. ಅಂಗೈ ಮೂಸಿದ. ಅದೇ ಅಂಟು, ಅದೇ ಘಮ.

"ತಪ್ಪಾಯ್ತು," ಎಂದ, ತಲೆ ಎತ್ತದೆ.

ಪಕ್ಕದ ಸಾಲಿನಿಂದ ಮುನಿಯಮ್ಮ ನಕ್ಕಳು. "ಒಲದಾಗೆ ತಪ್ಪಾಯ್ತು ಅಂದ್ರೆ ಕಾಗೆ ಕೇಳ್ತದೇನಪ್ಪಾ? ನೀನು ಅಂದಿದ್ದು ಮಾರ್ಕೆಟ್ನಾಗೆ."

ಮುಂದಿನ ಭಾನುವಾರ ಮಾರ್ಕೆಟ್ಟಿನಲ್ಲಿ ಗಂಗರತ್ನಳ ಕಣ್ಣೆಲ್ಲ ದಾರಿಯ ಮೇಲೆ. ಕ್ವಾರ್ಟರ್ಸಿನವರು ಬರದಿದ್ದರೆ...? ಈ ರಾಶಿ ಯಾರಿಗೆ ಮಾರಲಿ?

ಒಂಬತ್ತಕ್ಕೆ ಚೆನ್ನಕೇಶವ ಬಂದ. ಹಿಂದೆ ಕ್ವಾರ್ಟರ್ಸಿನ ಏಳೆಂಟು ಹೆಂಗಸರು.

"ಹೋದ ವಾರ ತಿಳಿಯದೆ ಅಂದುಬಿಟ್ಟೆ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಹೊಲದಲ್ಲಿ ನಾನೇ ಕಿತ್ತು ನೋಡಿದ್ದೇನೆ. ಮದ್ದು ಅಲ್ಲ, ಕಾಯಿಯದ್ದೇ ಪರಿಮಳ."

ಮಧ್ಯಾಹ್ನಕ್ಕೆ ಮುಂಚೆ ರಾಶಿ ಖಾಲಿ. ವಾರದಿಂದ ಎದೆಯಲ್ಲಿ ಕೂತಿದ್ದ ಭಾರ ಆಗ ಇಳಿಯಿತು.

ಆಮೇಲೆ ಅವನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೊಸಬರು ಮೂಗು ಮುರಿದರೆ ಸೊಗಡಿನ ಪಾಠ ಅವನದೇ!

ಸಂಕ್ರಾಂತಿ ಕಳೆದು ಫಸಲು ಮುಗಿಯಿತು.

"ಇನ್ನು ಅವರೆ ಇಲ್ಲ ಸಾರ್. ಮುಂದಿನ ವಾರ ಬರೀ ಸೊಪ್ಪು."

"ಸೊಪ್ಪಿಗೂ ಬರ್ತೇನೆ."

"ಒಬ್ಬರಿಗೆ ಎಷ್ಟು ಸೊಪ್ಪು ಬೇಕು?"

"ಒಬ್ಬನೇ ಇರ್ಲಿಕ್ಕೆ ಮನಸ್ಸಿಲ್ಲ... ಅಮ್ಮನ ಹತ್ರ ಮಾತಾಡ್ಲಾ?"

ಪಕ್ಕದಲ್ಲೇ ಕೂತಿದ್ದ ಮುನಿಯಮ್ಮ ಇಲ್ಲದ ಕೆಲಸ ಹುಡುಕಿಕೊಂಡು ಅತ್ತ ತಿರುಗಿದಳು.

"ಮೊದ್ಲು ನನ್ನ ಕೇಳಿ," ಎಂದಳು ಗಂಗರತ್ನ.

ಕೇಳಿದ. ಮೆಲ್ಲಗೆ, ಅವಳಿಗಷ್ಟೇ ಕೇಳುವ ಹಾಗೆ.

"ಒಂದು ಮಾತು... ನಾನು ಒಲ ಬಿಡಾಕಿಲ್ಲ."

"ಬಿಡುವುದು ಯಾಕೆ? ಬೂದಿಕೋಟೆಯಿಂದ ಬಸ್ಸು ಉಂಟಲ್ಲ. ನಾನೇ ಓಡಾಡ್ತೇನೆ."

ಅವಳ ಉಸಿರು ಹಗುರಾಯಿತು. ಕಣ್ಣಂಚು ಒದ್ದೆ.

"ಅಂಗಾದ್ರೆ ಕಾಯಿ ತಂದ ಆ ಮಂಕರಿ ಎತ್ಕೊಳಿ," ಎಂದಳು. "ಬಸ್ಸು ಓಗ್ಬಿಡ್ತದೆ."