ಕಳ್ಳಬೇರು

ದೊಡ್ಡಮ್ಮ ಬಾಯಿ ಬಿಟ್ಟರೆ ತಾನು ಜೈಲಿನ ಪಾಲು ಎಂಬುದು ಅವನಿಗೆ ಖಚಿತವಾದದ್ದು, ಹಿತ್ತಲಿನಲ್ಲಿ ಬೇರುಗಳ ಮಣ್ಣು ಉದುರಿಸುತ್ತ ಕುಳಿತಿದ್ದಾಗ. ಅವನಿಗೆ ನಾಟಿವೈದ್ಯ ಕಲಿಸುತ್ತಿದ್ದ ಆಕೆ ಕೂಗಾಡಲಿಲ್ಲ. ಟೈಲರನ ಮನೆಯಿಂದ ತರಿಸಿಕೊಂಡ ಒಣಸೊಪ್ಪಿನ ಪೊಟ್ಟಣವನ್ನು ಮೂಗಿಗೆ ಹಿಡಿದು ನೋಡಿ, ಅವನ ಮಡಿಲಿಗೆ ಹಾಕಿದಳು.

"ಇದು ನಮ್ಮ ಹಿತ್ತಲಿಂದಲ್ಲ. ಎಲ್ಲಿ ಕಿತ್ತೆ?"

ಅವನು ಸುಳ್ಳು ಹೇಳಲು ಬಾಯಿ ತೆರೆದ.

"ರೈಲುಹಳಿ ಪಕ್ಕ ತಾನೆ? ಅಲ್ಲಿ ಕಳೆ ಸಾಯ್ಲಿ ಅಂತ ಎಣ್ಣೆ ಹೊಡೀತಾರೆ. ಅಷ್ಟೂ ಗೊತ್ತಿರ್ಲಿಲ್ವೇನೋ ನಿನಗೆ?"

ಗೊತ್ತಿತ್ತು. ಹಿತ್ತಲಿನ ಸೊಪ್ಪು ಮುಗಿದಿತ್ತು, ಹೆಂಡತಿಯ ಔಷಧಿಗೆ ಟೈಲರ್ ಅವಸರ ಮಾಡುತ್ತಿದ್ದ, ರೈಲುಹಳಿ ದಾರಿಯಲ್ಲೇ ಸಿಕ್ಕಿತ್ತು. ಈಗ ಟೈಲರನ ಹೆಂಡತಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿದ್ದಳು. ಕಾರಣವೇನೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

"ನಾಳೆ ಟೈಲರ್ ಬರ್ತಾನೆ. ನೀನಾಗಿ ಹೇಳಿದ್ರೆ ಸರಿ. ಇಲ್ಲಾಂದ್ರೆ ನಾನು ಹೇಳ್ತೀನಿ. ಅವಳ ಹೊಟ್ಟೆಗೆ ಏನು ಹೋಗಿದೆ ಅಂತ ಡಾಕ್ಟರಿಗೆ ಗೊತ್ತಾಗ್ಬೇಕು."

ಹಲ್ಲಿಲ್ಲದ ಬಾಯಿಂದ ಬಂದರೂ ದೊಡ್ಡಮ್ಮನ ಮಾತಿಗೆ ಕಚ್ಚುವ ಗುಣವಿತ್ತು. ಅವನು ತಲೆಯಾಡಿಸಿದ. ಆಕೆ ಒಳಗೆ ಹೋದ ಮೇಲೆಯೂ ಅವನ ಕೈ ಬೇರನ್ನು ಕೊಡವುತ್ತಲೇ ಇತ್ತು. ಅದರಲ್ಲಿ ಮಣ್ಣು ಉಳಿದಿರಲಿಲ್ಲ.

ಭಯವು ಮನುಷ್ಯನನ್ನು ಪೆದ್ದನನ್ನಾಗಿಸುತ್ತದೆಂದು ಅವನು ಕೇಳಿದ್ದ. ಅವನ ವಿಷಯದಲ್ಲಿ ಹಾಗಾಗಲಿಲ್ಲ. ಗೊಬ್ಬರದ ಗುಂಡಿಯ ಆಚೆ ಬೆಳೆದಿದ್ದ ಪೊದೆಯ ಮೇಲೆ ಕಣ್ಣು ಬಿದ್ದೊಡನೆ ಯೋಜನೆಯೆಲ್ಲ ತಾನಾಗಿಯೇ ಬಿಡಿಸಿಕೊಂಡಿತು. ಅದಕ್ಕೆ ದೊಡ್ಡಮ್ಮ ಇಟ್ಟಿದ್ದ ಹೆಸರು ಕಳ್ಳಬೇರು. ಮಂಡಿನೋವಿಗೆ ಆಕೆ ತಾನೇ ಬೆಳೆದು, ತಾನೇ ಕುಡಿಯುವ ಬೇರಿನ ಪಡಿಯಚ್ಚು ಅದು. ಆದರೆ ಚಿಟಿಕೆಯಷ್ಟು ಸಾಕು, ಆಳು ಉಳಿಯುವುದಿಲ್ಲ. ಕತ್ತರಿಸಿದಾಗ ನಡುವೆ ಕಾಣುವ ತೆಳುವಾದ ಬಳೆಯೊಂದೇ ಗುರುತು. ಕಲಿಯುವವರಿಗೆ ತೋರಿಸಲೆಂದು ಒಂದು ಪೊದೆಯನ್ನು ಆಕೆ ಬೇಕೆಂದೇ ಉಳಿಸಿಕೊಂಡಿದ್ದಳು. "ಕಳ್ಳನ ಮುಖ ನೋಡಿಟ್ಕೋ, ಆಮೇಲೆ ಮೋಸ ಹೋಗಲ್ಲ" ಎಂದು ಅವನಿಗೂ ತೋರಿಸಿದ್ದಳು. ಕುಟ್ಟಿ ಹಿಟ್ಟು ಮಾಡಿದರೆ ಬಳೆಯೂ ಇಲ್ಲ, ಗುರುತೂ ಇಲ್ಲ.

ಇನ್ನು ಆಕೆಯ ಕಣ್ಣು. ಪೊರೆ ಬಂದ ಆ ಕಣ್ಣುಗಳು ಬೀದಿಗೆಲ್ಲ ತಮಾಷೆಯ ವಸ್ತು. ಮೊನ್ನೆಯಷ್ಟೇ ಹಾಲಿನವಳ ಸೈಕಲನ್ನು "ಚೆನ್ನಾಗಿದ್ದೀಯೇನಮ್ಮ, ಸೊರಗಿಹೋಗಿದ್ದೀಯ" ಎಂದು ವಿಚಾರಿಸಿದ್ದಳು. ಕಣ್ಣು ಕಾಣದ ಮುದುಕಿ ಒಂದು ಬೇರಿನ ಬದಲು ಇನ್ನೊಂದನ್ನು ಕಿತ್ತು, ತಾನೇ ಕುಟ್ಟಿ, ತಾನೇ ಕುಡಿದು ಸತ್ತಳು ಎಂದೇ ಎಲ್ಲರೂ ನಂಬುತ್ತಾರೆ. ಟೈಲರನ ಹೆಂಡತಿಯ ಕಾಯಿಲೆಗೂ ಅದೇ ಕೈತಪ್ಪು ಕಾರಣ. ಒಂದೇ ಏಟಿಗೆ ಎರಡು ಕಡತಗಳೂ ಮುಚ್ಚಿಹೋಗುತ್ತವೆ.

ಮಧ್ಯಾಹ್ನ ಇಸ್ತ್ರಿಯವನ ಹೆಂಡತಿ ದೊಡ್ಡಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಅವರಿಬ್ಬರೂ ಬೀದಿಯ ತಿರುವು ದಾಟಿದ ಮೇಲೆ ಅವನು ಎದುರುಮನೆಯ ಇಸ್ತ್ರಿಯವನ ಬಳಿ ನಿಂತು ನಿಟ್ಟುಸಿರು ಬಿಟ್ಟ.

"ದೊಡ್ಡಮ್ಮಂಗೆ ಬೇರುಗಳ ಗುರುತೇ ಸಿಗ್ತಿಲ್ಲ ಮಾರಾಯ. ಬೇಡ ಅಂದ್ರೆ ಕೇಳಲ್ಲ."

"ಕೇಳೋ ಜೀವವೇ ಅದು? ನನ್ನ ಇಸ್ತ್ರಿಪೆಟ್ಟಿಗೆ ಮುಟ್ಟಿ, ಬೆಕ್ಕಿಗೆ ಜ್ವರ ಬಂದಿದೆ ಅಂತಾರೆ" ಎಂದು ಇಸ್ತ್ರಿಯವನು ನಕ್ಕ. ಸಾಕ್ಷಿ ಸಿದ್ಧವಾಯಿತು.

ಉಳಿದದ್ದನ್ನು ಅವನು ಆತುರಪಡದೆ ಮಾಡಿದ. ಕೈಗವಸು ತೊಟ್ಟು ಬೇರನ್ನು ಅಗೆದ. ತೊಳೆದು ತೆಳ್ಳಗೆ ಸೀಳಿ, ಬಾಣಲೆಯಲ್ಲಿಟ್ಟು ಒಣಗಿಸಿದ. ಮೂಗಿಗೆ ಬಟ್ಟೆ ಬಿಗಿದು ಕಂಚಿನ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿದ. ದೊಡ್ಡಮ್ಮನ ಮಂಡಿನೋವಿನ ಪುಡಿಯ ಡಬ್ಬಿಗೆ ಬೆರೆಸಿ, ಮುಚ್ಚಳ ಹಾಕಿ, ಅದನ್ನು ಮೊದಲಿದ್ದ ಜಾಗಕ್ಕೇ ಇಟ್ಟ. ಕೈಗವಸು, ಬಟ್ಟೆ, ಸಿಪ್ಪೆ ಎಲ್ಲವೂ ಒಲೆಗೆ ಹೋದವು. ಬಾಣಲೆಯನ್ನೂ ಚಾಕುವನ್ನೂ ಬೂದಿ ಹಾಕಿ ಬೆಳಗಿದ. ಕುಟ್ಟಾಣಿಗೆ ಮಾತ್ರ ನೀರು ಸೋಕಿಸುವಂತಿರಲಿಲ್ಲ. ತೇವ ಕಂಡರೆ ಪುಡಿಗಳಿಗೆ ಬೂಷ್ಟು ಹಿಡಿಯುತ್ತದೆಂಬುದು ದೊಡ್ಡಮ್ಮನ ಕಟ್ಟಪ್ಪಣೆ. ಒದ್ದೆ ಕುಟ್ಟಾಣಿ ಕಂಡರೆ ಆಕೆಗೆ ಅನುಮಾನ ಬರುವುದು ಖಂಡಿತ. ಆದ್ದರಿಂದ ಎಂದಿನಂತೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕುಟ್ಟಿ, ಉಪ್ಪಿಗೆ ಎಲ್ಲ ಕಣವನ್ನೂ ಅಂಟಿಸಿಕೊಂಡು ತೆಗೆದು, ಒಣಬಟ್ಟೆಯಿಂದ ಒರೆಸಿದ. ವರ್ಷಗಳಿಂದ ಪಳಗಿದ ಕೆಲಸ. ಕೈ ತನ್ನಷ್ಟಕ್ಕೆ ಮಾಡಿ ಮುಗಿಸಿತು. ಅವನ ಕಿವಿಯೆಲ್ಲ ಬೀದಿಬಾಗಿಲ ಕಡೆಗಿತ್ತು.

ಬೆಳಗಾದಾಗ ಧೈರ್ಯ ಅವನನ್ನು ಬಿಟ್ಟುಹೋಗಿತ್ತು. ಬಚ್ಚಲಿನ ಕದ ಹಾಕಿಕೊಂಡು ಕನ್ನಡಿಯಲ್ಲಿ ಮುಖ ನೋಡಿದ: ಕೊಲೆಗಾರನ ಮುಖ ಹೀಗೆಯೇ ಇರುತ್ತದೆಂದು ಯಾರಾದರೂ ಹೇಳಿಬಿಡಬಹುದಿತ್ತು. ತಣ್ಣೀರು ಎರಚಿಕೊಂಡ. ಲವಂಗದ ಘಾಟಿನ ಹಲ್ಲುಪುಡಿಯಿಂದ ವಸಡು ಉರಿಯುವವರೆಗೆ ಹಲ್ಲು ಉಜ್ಜಿದ; ಬಾಯಿಯ ಕಹಿ ಹೋಗಲಿಲ್ಲವೆಂದು ಮತ್ತೊಮ್ಮೆ ಉಜ್ಜಿದ. ನಾಲಿಗೆ ಜೋಮು ಹಿಡಿಯಿತು. ಲವಂಗಕ್ಕೆ ಅದು ಸಹಜ. ಹೊರಗೆ ಹೋಗಲು ಧೈರ್ಯ ಸಾಲದೆ ಬಹಳ ಹೊತ್ತು ಅಲ್ಲೇ ನಿಂತ.

ಅಡುಗೆಮನೆಯಲ್ಲಿ ದೊಡ್ಡಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ವಸಡಿನಿಂದ ಒತ್ತಿ ತಿನ್ನುತ್ತಿದ್ದಳು. ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಮಂಡಿನೋವಿನ ಪುಡಿಯ ಡಬ್ಬಿ ಕೆಳಗಿಳಿದಿತ್ತು.

ಅವನು ಗೋಡೆಗೆ ಒರಗಿದ. ತುಟಿಯ ಮೇಲೆ ಇರುವೆ ಹರಿದಂತಾಯಿತು. ಒರೆಸಿಕೊಂಡರೆ ಏನೂ ಇಲ್ಲ. ಬೆರಳ ತುದಿಗಳಲ್ಲೂ ಅದೇ ಚುಮುಚುಮು. ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯಿತು. ಎದೆ ಒಮ್ಮೆ ಓಡಿ, ಒಮ್ಮೆ ನಿಂತು, ಮತ್ತೆ ಓಡುತ್ತಿತ್ತು. ಭಯವೆಂದರೆ ಮನಸ್ಸಿನ ಮಾತೆಂದು ತಿಳಿದಿದ್ದ. ಅದು ಹೀಗೆ ಮೈಯೊಳಗೆ ಬಂದು ಸಂಸಾರ ಹೂಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಏನೋ, ಮುಖ ಬಿಳಿಚಿಕೊಂಡಿದೆ" ಎಂದಳು ದೊಡ್ಡಮ್ಮ. "ನನ್ನ ಕಣ್ಣಿಗೇ ಹೀಗೆ ಕಂಡ್ರೆ, ಇನ್ನು ಕಣ್ಣಿರೋರಿಗೆ ಹೇಗೆ ಕಾಣ್ಬೇಕು?"

"ನಿದ್ದೆ ಬರ್ಲಿಲ್ಲ."

"ಇನ್ಮೇಲೆ ಬರುತ್ತೆ ಬಿಡು." ಆಕೆ ಕಷಾಯವನ್ನು ಲೋಟಕ್ಕೆ ಸೋಸಿದಳು. "ನೀನು ಬಚ್ಚಲಲ್ಲಿ ತಪಸ್ಸಿಗೆ ಕೂತಿದ್ದಾಗ ಟೈಲರ್ ಬಂದು ಹೋದ. ಎಲ್ಲಾ ಹೇಳ್ಬಿಟ್ಟೆ."

ಅವನ ಕಾಲಕೆಳಗಿನ ನೆಲ ವಾಲಿತು.

"ಸೊಪ್ಪು ಕಿತ್ತೋಳು ನಾನು ಅಂದೆ. ಕಣ್ಣು ಕಾಣ್ಲಿಲ್ಲ, ಹಳಿ ಪಕ್ಕ ಹೋಗ್ಬಿಟ್ಟೆ ಅಂದೆ. ಅವನು ಹಾಗೇ ಆಸ್ಪತ್ರೆಗೆ ಓಡಿದ. ಈ ವಯಸ್ಸಲ್ಲಿ ನನ್ನನ್ನ ಯಾವ ಜೈಲಿಗೆ ಹಾಕ್ತಾರೆ? ಹಾಕಿದ್ರೂ ಊಟಕ್ಕೆ ಗಂಜಿ ಕೊಡ್ಬೇಕಾಗುತ್ತೆ, ಅವರಿಗೇ ಕಷ್ಟ. ನೀನು ಮಾತ್ರ ದಿನಾ ಹೋಗಿ ಅವಳ ಸೇವೆ ಮಾಡು. ಅಷ್ಟು ಮಾಡು ಸಾಕು."

ಲೋಟ ಆಕೆಯ ತುಟಿಗೆ ಹೋಗುತ್ತಿತ್ತು.

ಬೇಡ ಎನ್ನಲು ಹೋದ. ನಾಲಿಗೆ ಮರದ ತುಂಡಿನಂತೆ ಬಿದ್ದುಕೊಂಡಿತ್ತು. ಅವನು ಮುನ್ನುಗ್ಗಿದ. ಲೋಟ ಹಾರಿ ಗೋಡೆಗೆ ಬಡಿಯಿತು. ಅವನ ಮೊಣಕೈ ತಾಗಿ ಡಬ್ಬಿಯೂ ಉರುಳಿ, ಪುಡಿಯೆಲ್ಲ ಪಾತ್ರೆ ತೊಳೆಯುವ ನೀರಿನಲ್ಲಿ ಕರಗಿ ಮೋರಿಯ ಪಾಲಾಯಿತು.

"ಅಯ್ಯೋ, ಕುಡುಕನ ಹಾಗೆ ಬೀಳ್ತೀಯಲ್ಲೋ" ಎಂದು ದೊಡ್ಡಮ್ಮ ಗೊಣಗಿದಳು. "ಹೋಗ್ಲಿ. ಹೊಸ ಬೇರು ಕುಟ್ಟಿದ್ರಾಯ್ತು."

ಅವನು ನೆಲದ ಮೇಲೆ ಕುಳಿತ. ಎಲ್ಲ ಮುಗಿದಿತ್ತು. ಯಾರೂ ಸಾಯಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ, ಜೈಲಿಲ್ಲ. ಹೆದರಲು ಇನ್ನು ಕಾರಣವೇ ಉಳಿದಿರಲಿಲ್ಲ. ಆದರೂ ಎದೆ ತಹಬಂದಿಗೆ ಬರಲಿಲ್ಲ. ಇರುವೆಗಳು ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ಕತ್ತಿಗೆ ಸಾಲುಗಟ್ಟಿದವು.

ದೊಡ್ಡಮ್ಮ ಕುಟ್ಟಾಣಿಯನ್ನು ಎತ್ತಿಕೊಂಡು, ಒಳಗೆ ಬೆರಳಾಡಿಸಿ, ಬಹಳ ದಿನಗಳ ಮೇಲೆ ಮೆಚ್ಚುಗೆಯಿಂದ ನಕ್ಕಳು. "ಉಪ್ಪು ಹಾಕಿ ಕುಟ್ಟಿ ಇಟ್ಟಿದ್ದೀಯ. ಅಂತೂ ಕಲಿತೆ. ಔಷಧಿ ಹತ್ತಿದ ಉಪ್ಪು, ಚೆಲ್ಲಲಿಲ್ಲ ತಾನೆ?" ಇಲ್ಲ, ಚೆಲ್ಲಿರಲಿಲ್ಲ. ಚೆಲ್ಲಬಾರದೆಂದು ಆಕೆಯೇ ಕಲಿಸಿದ್ದಳು. ನಿನ್ನೆ ಕಿವಿ ಬೀದಿಬಾಗಿಲ ಕಡೆಗಿದ್ದಾಗ, ಪಳಗಿದ ಕೈ ಆ ಉಪ್ಪನ್ನು ಎಂದಿನಂತೆ ಕೊಂಡೊಯ್ದು ಬಚ್ಚಲಿನ ಗೂಡಿನಲ್ಲಿದ್ದ ಹಲ್ಲುಪುಡಿಯ ಡಬ್ಬಿಗೆ ಸುರಿದಿತ್ತು. ಆ ಮನೆಯಲ್ಲಿ ಹಲ್ಲಿದ್ದದ್ದು ಅವನೊಬ್ಬನಿಗೆ.